ಅಪ್‌ಗ್ರೇಡ್ ನುಂಗಿದ ಸ್ಟೈಲ್‌ಶೀಟ್ ವಾಪಸ್ ತಂದಿದ್ದು

ಅಪ್‌ಗ್ರೇಡ್ ಮುಗಿದಿತ್ತು. ಡೇಟಾಬೇಸ್ ಸರಿಯಾಗಿತ್ತು, ಒಂದು ಪೋಸ್ಟೂ ಕಳೆದಿರಲಿಲ್ಲ. ಆದರೆ ಪುಟ ತೆರೆದರೆ, ಇವತ್ತು ಬೆಳಿಗ್ಗೆ ಹೊಸದಾಗಿ ಇನ್‌ಸ್ಟಾಲ್ ಮಾಡಿದ ಪಿಎಚ್‌ಪಿಬಿಬಿ (ಚರ್ಚಾ ವೇದಿಕೆ ನಡೆಸುವ ಸಾಫ್ಟ್‌ವೇರ್) ಥರ ಕಾಣುತ್ತಿತ್ತು. ಅದೇ ನೀಲಿ ತಲೆಪಟ್ಟಿ, ಅದೇ ಮೂಲ ಲೋಗೋ, ಅದೇ ಇರುವೆ ಸಾಲಿನಂಥ ಚಿಕ್ಕ ಅಕ್ಷರ. ವರ್ಷಗಟ್ಟಲೆ ತಿದ್ದಿ ತೀಡಿದ್ದ ಬಣ್ಣ, ಫಾಂಟು, ಸಾಲಿನ ಅಂತರ ಎಲ್ಲ ಮಾಯ.

ಗೆಳೆಯರು ನಡೆಸುವ ಚರ್ಚಾ ವೇದಿಕೆ ಅದು. ಬಹಳ ಕಾಲದಿಂದ ಪಿಎಚ್‌ಪಿಬಿಬಿಯ 3.1 ಆವೃತ್ತಿಯಲ್ಲೇ ನಿಂತಿತ್ತು. ಸರ್ವರ್‌ನಲ್ಲಿ ಪಿಎಚ್‌ಪಿ (ಆ ಸಾಫ್ಟ್‌ವೇರ್ ಬರೆದಿರುವ ಭಾಷೆ) 5 ತೆಗೆದು 7 ಹಾಕುತ್ತೇವೆ ಅಂತ ನೋಟಿಸ್ ಬಂದ ಮೇಲೆ ಬೇರೆ ದಾರಿ ಇರಲಿಲ್ಲ. ಪಿಎಚ್‌ಪಿ 7ರ ಮೇಲೆ 3.1 ಓಡುವುದಿಲ್ಲ, ಆ ಬೆಂಬಲ ಬಂದಿದ್ದು 2017ರ ಜನವರಿಯಲ್ಲಿ ಬಿಟ್ಟ 3.2ರಲ್ಲಿ. ಅವರು ನೇರವಾಗಿ 3.3ಕ್ಕೆ ಹೋದರು, ಅಪ್‌ಗ್ರೇಡ್ ತಾವೇ ಮಾಡಿಕೊಂಡರು. ರಿಪೇರಿ ನನ್ನ ಪಾಲಿಗೆ ಬಂತು.

ಏನಾಯಿತು ಅಂತ ತಿಳಿಯಲು ಜಾಸ್ತಿ ಹೊತ್ತು ಹಿಡಿಯಲಿಲ್ಲ. ಪೂರ್ತಿ ಪ್ಯಾಕೇಜ್ ಹಾಕಿ ಅಪ್‌ಡೇಟ್ ಮಾಡುವಾಗ ಕಾನ್ಫಿಗ್ ಫೈಲು ಮತ್ತು ಎಕ್ಸ್‌ಟ್, ಫೈಲ್ಸ್, ಇಮೇಜಸ್, ಸ್ಟೋರ್ ಎಂಬ ನಾಲ್ಕು ಫೋಲ್ಡರ್ ಉಳಿಸಿಕೊಂಡು ಮಿಕ್ಕಿದ್ದನ್ನೆಲ್ಲ ಹೊಸದರಿಂದ ಬದಲಿಸಬೇಕು. ನಾವೇ ಮಾಡಿದ ಪ್ರತ್ಯೇಕ ಸ್ಟೈಲ್ (ವೇದಿಕೆಯ ರೂಪ ಹೇಳುವ ಫೈಲ್‌ಗಳ ಗುಂಪು) ಇದ್ದರೆ ಅದನ್ನೂ ಉಳಿಸಿಕೊಳ್ಳಬಹುದು. ಆದರೆ ಇಲ್ಲಿ ಪ್ರತ್ಯೇಕ ಸ್ಟೈಲ್ ಅಂತ ಇರಲೇ ಇಲ್ಲ. ಹಿಂದೆ ಯಾರೋ ಪ್ರೊಸಿಲ್ವರ್ ಫೋಲ್ಡರ್ ಒಳಗೇ ಕೈ ಹಾಕಿ, ಬಣ್ಣ, ಅಕ್ಷರ, ಅಂತರ ಹೇಳುವ ಸ್ಟೈಲ್‌ಶೀಟುಗಳಾದ ಕಲರ್ಸ್.ಸಿಎಸ್‌ಎಸ್, ಕಾಂಟೆಂಟ್.ಸಿಎಸ್‌ಎಸ್ ಫೈಲ್‌ಗಳನ್ನು ತಿದ್ದಿದ್ದರು. ಪ್ರೊಸಿಲ್ವರ್ ಅನ್ನುವುದು ಸಾಫ್ಟ್‌ವೇರ್ ಜೊತೆಗೇ ಬರುವ ಸ್ಟೈಲ್. ಅದನ್ನು ಹೊಸದು ಮಾಡುವುದು ಅಪ್‌ಗ್ರೇಡ್‌ನ ಕೆಲಸ, ಅದು ತನ್ನ ಕೆಲಸ ಮಾಡಿದೆ. ಅದರ ಮೇಲೆ ಸಿಟ್ಟಾಗಿ ಉಪಯೋಗ ಇಲ್ಲ.

ಬ್ಯಾಕಪ್ ಕೇಳಿದೆ. ಡೇಟಾಬೇಸ್‌ದು ಇತ್ತು, ಫೈಲ್‌ಗಳದ್ದು ಇರಲಿಲ್ಲ. 3.0 ಕಾಲದಲ್ಲಾಗಿದ್ದರೆ ಇಷ್ಟಕ್ಕೇ ಬಚಾವ್ ಆಗುವ ಸಾಧ್ಯತೆ ಇತ್ತು. ಆಗ ಸ್ಟೈಲ್‌ಶೀಟನ್ನು ಡೇಟಾಬೇಸ್‌ನಲ್ಲಿ ಇಡುವ ಆಯ್ಕೆ ಇತ್ತು. 3.1ರಲ್ಲಿ ಅದನ್ನು ತೆಗೆದರು, ಎಲ್ಲ ಬರೀ ಫೈಲ್‌ಗಳೇ. ಆದರೂ ಆ ಬ್ಯಾಕಪ್‌ನಿಂದ ಒಂದು ಉಪಕಾರ ಆಯಿತು. ಅದರ ಕಾನ್ಫಿಗ್ ಟೇಬಲ್‌ನಲ್ಲಿ ಹಳೆಯ ಆವೃತ್ತಿ ಸಂಖ್ಯೆ ಕೊನೆಯ ಅಂಕಿಯವರೆಗೂ ಇತ್ತು. ಅದು ಯಾಕೆ ಮುಖ್ಯ ಅನ್ನುವುದು ಮುಂದೆ ಬರುತ್ತದೆ.

ಕಳೆದ ಫೈಲ್ ಎಲ್ಲಿ ಸಿಗುತ್ತದೆ

ಸಿಎಸ್‌ಎಸ್ ಫೈಲ್‌ನಲ್ಲಿ ಒಂದು ಒಳ್ಳೆಯ ಗುಣ ಇದೆ. ಅದು ಗುಟ್ಟಿನ ಫೈಲ್ ಅಲ್ಲ. ಪುಟ ನೋಡಿದ ಪ್ರತಿ ಬ್ರೌಸರ್‌ಗೂ ಅದರ ಪೂರ್ತಿ ಪ್ರತಿ ಹೋಗಿರುತ್ತದೆ. ಪಿಎಚ್‌ಪಿ ಫೈಲ್ ಕಳೆದರೆ ಈ ಆಸೆ ಇಟ್ಟುಕೊಳ್ಳುವ ಹಾಗಿಲ್ಲ, ಸಿಎಸ್‌ಎಸ್ ಆದರೆ ಹುಡುಕಬಹುದು.

ಮೊದಲು ವೇಬ್ಯಾಕ್ ಮಷೀನ್, ಹಳೆಯ ವೆಬ್ ಪುಟಗಳ ಸಂಗ್ರಹ. ಅದು ಪುಟಗಳ ಜೊತೆ ಸ್ಟೈಲ್‌ಶೀಟುಗಳನ್ನೂ ಎತ್ತಿಟ್ಟುಕೊಳ್ಳುತ್ತದೆ. ಸುಮ್ನೆ ಹಳೆಯ ಪುಟ ತೆರೆದು ನೋಡುವುದಕ್ಕಿಂತ, ವಿಳಾಸದಲ್ಲಿ ತಾರೀಖಿನ ಜಾಗಕ್ಕೆ ನಕ್ಷತ್ರ ಚಿಹ್ನೆ ಹಾಕಿ, ಪ್ರೊಸಿಲ್ವರ್‌ನ ಸಿಎಸ್‌ಎಸ್ ಇರುವ ಥೀಮ್ ಫೋಲ್ಡರಿನ ವಿಳಾಸದ ಕೊನೆಗೂ ಒಂದು ನಕ್ಷತ್ರ ಹಾಕಿದರೆ, ಆ ಫೋಲ್ಡರಿನಲ್ಲಿ ಯಾವ ಯಾವ ಫೈಲ್ ಸಿಕ್ಕಿದೆ ಅನ್ನುವ ಪಟ್ಟಿಯೇ ಬರುತ್ತದೆ. ಕೆಲಸ ಹಗುರವಾಗುತ್ತದೆ.

ಇಲ್ಲಿ ಎರಡು ವಿಷಯ ಗಮನಿಸಬೇಕು. ವೇಬ್ಯಾಕ್ ಕೊಡುವ ಸಿಎಸ್‌ಎಸ್ ಒಳಗಿನ ಚಿತ್ರಗಳ ವಿಳಾಸಗಳನ್ನು ಅದು ತನಗೆ ಬೇಕಾದಂತೆ ತಿದ್ದಿರುತ್ತದೆ. ತಿದ್ದದ ಮೂಲ ಬೇಕಾದರೆ ವಿಳಾಸದಲ್ಲಿ ತಾರೀಖಿನ ಅಂಕಿಗಳಿಗೆ ಅಂಟಿಕೊಂಡಂತೆ ಐ, ಡಿ ಎರಡು ಅಕ್ಷರ ಮತ್ತು ಒಂದು ಅಂಡರ್‌ಸ್ಕೋರ್ ಸೇರಿಸಬೇಕು. ಇನ್ನೊಂದು, ಕೇಳಿದ ತಾರೀಖಿನ ಪ್ರತಿ ಇಲ್ಲದಿದ್ದರೆ ಅದು ಸದ್ದಿಲ್ಲದೆ ಹತ್ತಿರದ ತಾರೀಖಿನದನ್ನು ಕೊಡುತ್ತದೆ. ಹತ್ತಿರ ಅಂದರೆ ಎರಡು ವರ್ಷ ಹಿಂದಿನದೂ ಆಗಬಹುದು. ಹಾಗಾಗಿ ಇಳಿಸಿಕೊಂಡ ಪ್ರತಿ ಫೈಲ್ ಹೆಸರಿನ ಮುಂದೆ ಅದರ ನಿಜವಾದ ತಾರೀಖು ಬರೆದಿಟ್ಟೆ.

ಕಲರ್ಸ್ ಸಿಕ್ಕಿತು, ಕಾಮನ್ ಸಿಕ್ಕಿತು, ಬಟನ್ಸ್ ಸಿಕ್ಕಿತು. ಕಾಂಟೆಂಟ್.ಸಿಎಸ್‌ಎಸ್ ಮಾತ್ರ ಇಲ್ಲ. ಪೋಸ್ಟ್‌ನ ಫಾಂಟು, ಅಕ್ಷರದ ಗಾತ್ರ, ಸಾಲಿನ ಅಂತರ ಇರುವುದು ಅದರಲ್ಲೇ. ಯಾವುದು ಜಾಸ್ತಿ ಬೇಕೋ ಅದೇ ಇಲ್ಲ, ಎಂದಿನಂತೆ.

ಆಗ ಸದಸ್ಯರ ಬ್ರೌಸರ್‌ಗಳತ್ತ ತಿರುಗಿದೆ. ಅಪ್‌ಗ್ರೇಡ್ ಆದ ಮೇಲೆ ಇನ್ನೂ ಸೈಟ್ ತೆರೆಯದ, ಫೈರ್‌ಫಾಕ್ಸ್ ಬಳಸುವ ಒಬ್ಬರು ಸಿಕ್ಕಿದರು. ಅವರಿಗೆ ಹೇಳಿದ್ದು ಇಷ್ಟು: ಸೈಟ್ ತೆರೆಯಬೇಡಿ. ಮೊದಲು ಫೈಲ್ ಮೆನುವಿನಲ್ಲಿ ಆಫ್‌ಲೈನ್ ಕೆಲಸದ ಆಯ್ಕೆ ಒತ್ತಿ. ಆಮೇಲೆ ವಿಳಾಸ ಪಟ್ಟಿಯಲ್ಲಿ ಅಬೌಟ್ ಕ್ಯಾಷ್ ಪುಟ ತೆರೆದು, ಡಿಸ್ಕ್ ಕ್ಯಾಷ್ (ಬ್ರೌಸರ್ ಎತ್ತಿಟ್ಟುಕೊಂಡ ಪ್ರತಿಗಳು) ಪಟ್ಟಿಯಲ್ಲಿ ಕಾಂಟೆಂಟ್ ಅನ್ನುವ ಹೆಸರು ಹುಡುಕಿ. ಆ ಪೂರ್ತಿ ವಿಳಾಸವನ್ನು, ಪ್ರಶ್ನೆ ಚಿಹ್ನೆ ನಂತರದ ಬಾಲವನ್ನೂ ಬಿಡದೆ, ಹೊಸ ಟ್ಯಾಬ್‌ನಲ್ಲಿ ಹಾಕಿ ತೆರೆದು ಸೇವ್ ಮಾಡಿ. ಆಫ್‌ಲೈನ್ ಯಾಕೆ ಬೇಕೆಂದರೆ, ಆನ್‌ಲೈನ್‌ನಲ್ಲಿ ಆ ವಿಳಾಸ ತೆರೆದರೆ ಬ್ರೌಸರ್ ಸರ್ವರನ್ನು ಕೇಳುವ ಸಾಧ್ಯತೆ ಇದೆ. ಸರ್ವರ್ ಬಾಲದ ಕಡೆ ನೋಡುವುದೇ ಇಲ್ಲ, ಆ ಹೆಸರಿನ ಹೊಸ ಫೈಲನ್ನೇ ಕಳಿಸುತ್ತದೆ. ಇದ್ದ ಒಂದೇ ಹಳೆಯ ಪ್ರತಿಯೂ ಅಲ್ಲಿಗೆ ಮುಗಿಯಿತು.

ಫೈಲ್ ಬಂತು. ತೆರೆದು ನೋಡಿದರೆ ಹಳೆಯ ತಿದ್ದುಪಡಿಗಳು ಹಾಗೇ ಇದ್ದವು.

ಹಾಗೇ ವಾಪಸ್ ಹಾಕಿದರೆ ಆಗುವುದಿಲ್ಲ

ಹಳೆಯ ಫೈಲ್‌ಗಳೆಲ್ಲ ಕೈಗೆ ಬಂದಿವೆ, ಎಫ್‌ಟಿಪಿಯಲ್ಲಿ ಮೇಲೇರಿಸಿದರೆ ಮುಗಿಯಿತು ಅಲ್ವಾ? ಗೆಳೆಯರೂ ಹಾಗೇ ಅಂದರು. ಟೆಸ್ಟ್ ಪ್ರತಿಯಲ್ಲಿ ಹಾಕಿ ತೋರಿಸಿದೆ. ಐಕಾನ್‌ಗಳು ಪಕ್ಕದ ಅಕ್ಷರದ ಮೇಲೆ ಹತ್ತಿದವು, ಬಟನ್‌ಗಳು ಸೊಟ್ಟಗಾದವು, ಮೆನು ಚೆಲ್ಲಾಪಿಲ್ಲಿ.

ಕಾರಣ, 3.2ರಲ್ಲಿ ಪ್ರೊಸಿಲ್ವರ್ ಒಳಗೆ ಬಹಳ ಬದಲಾಯಿತು. ಚಿತ್ರದ ಐಕಾನ್‌ಗಳ ಜಾಗಕ್ಕೆ ಫಾಂಟ್ ಆಸಮ್ ಎಂಬ ಐಕಾನ್ ಫಾಂಟ್ ಬಂತು. ನಾರ್ಮಲೈಸ್, ಬೇಸ್, ಯುಟಿಲಿಟೀಸ್ ಎಂಬ ಹೊಸ ಸಿಎಸ್‌ಎಸ್ ಫೈಲ್‌ಗಳು ಸೇರಿದವು. ಎಚ್‌ಟಿಎಂಎಲ್ ಹೊಸದು, ಸಿಎಸ್‌ಎಸ್ ಹಳೆಯದು ಅಂದರೆ ಒಂದಕ್ಕೊಂದು ಹೊಂದುವುದೇ ಇಲ್ಲ. ಸಣ್ಣ ಅಪ್‌ಡೇಟ್‌ನಲ್ಲಾದರೆ ಕಣ್ಣಿಗೆ ಏನೂ ಕಾಣದೆಯೂ ಹೋಗಬಹುದು. ಅದು ಇನ್ನೂ ಕೆಟ್ಟದ್ದು. ಹೊಸ ಆವೃತ್ತಿ ಸರಿಪಡಿಸಿದ್ದನ್ನು ನಾವೇ ಗೊತ್ತಿಲ್ಲದೆ ಹಿಂದಕ್ಕೆ ತಳ್ಳಿರುತ್ತೇವೆ.

ಹಾಗಾಗಿ ನಮಗೆ ಬೇಕಾಗಿದ್ದು ಹಳೆಯ ಫೈಲ್ ಅಲ್ಲ. ಹಳೆಯ ಫೈಲ್‌ನಲ್ಲಿ ನಮ್ಮವರು ಬರೆದ ಸಾಲುಗಳು ಮಾತ್ರ.

ಡೇಟಾಬೇಸ್‌ನಲ್ಲಿ ಸಿಕ್ಕ ಆವೃತ್ತಿ ಸಂಖ್ಯೆ ಕೆಲಸಕ್ಕೆ ಬಂದಿದ್ದು ಇಲ್ಲೇ. ಪಿಎಚ್‌ಪಿಬಿಬಿಯ ಸೋರ್ಸ್ ಗಿಟ್‌ಹಬ್‌ನಲ್ಲಿದೆ, ಪ್ರತಿ ಬಿಡುಗಡೆಗೂ ಒಂದು ಟ್ಯಾಗ್ ಇದೆ. ಅದೇ ಆವೃತ್ತಿಯ, ಯಾರೂ ಮುಟ್ಟದ ಥೀಮ್ ಫೋಲ್ಡರ್ ಇಳಿಸಿಕೊಂಡು, ನಮಗೆ ಸಿಕ್ಕ ಫೈಲ್‌ಗಳ ಜೊತೆ ಡಿಫ್ ಹಾಕಿದೆ, ಅಂದರೆ ಎರಡರ ನಡುವಿನ ವ್ಯತ್ಯಾಸ ತೆಗೆದೆ. ಆವೃತ್ತಿ ಕೊನೆಯ ಅಂಕಿವರೆಗೂ ಸರಿ ಇರಲೇಬೇಕು. ಇಲ್ಲದಿದ್ದರೆ ಪಿಎಚ್‌ಪಿಬಿಬಿಯವರು ಮಾಡಿದ ಬದಲಾವಣೆ ಯಾವುದು, ನಮ್ಮವರದ್ದು ಯಾವುದು ಎಂದು ಬಿಡಿಸುವುದು ತಲೆನೋವು.

ಮೊದಲ ಡಿಫ್ ನೋಡಿದರೆ ಎಲ್ಲ ಸಾಲೂ ಬದಲಾಗಿದೆ ಅಂತ ತೋರಿಸಿತು. ಮೊದಲ ಸಾಲಿನಿಂದ ಕೊನೆಯವರೆಗೂ ಕೆಂಪು, ಹಸಿರು. ಸಾಲಿನ ಕೊನೆಯ ಗುರುತಿನ ತೊಂದರೆ ಅದು. ವಿಂಡೋಸ್‌ನಲ್ಲಿ ತಿದ್ದಿದ ಫೈಲ್‌ನಲ್ಲಿ ಪ್ರತಿ ಸಾಲಿನ ಕೊನೆಗೆ ಎರಡು ಗುರುತು ಇರುತ್ತವೆ, ಮೂಲದಲ್ಲಿ ಒಂದೇ. ಡಿಫ್ ಕಮಾಂಡ್‌ಗೆ ಸಾಲಿನ ಕೊನೆಯ ಸಿಆರ್ ಗುರುತನ್ನು ಲೆಕ್ಕಕ್ಕೆ ಹಿಡಿಯಬೇಡ ಎನ್ನುವ ಆಯ್ಕೆ ಇದೆ. ಅದನ್ನು ಸೇರಿಸಿ ಮತ್ತೆ ಹಾಕಿದಾಗ ಗಲಾಟೆ ಎಲ್ಲ ಅಡಗಿ, ಒಂದು ಪುಟಕ್ಕೆ ಸಾಲುವಷ್ಟು ಬದಲಾವಣೆ ಉಳಿಯಿತು. ವರ್ಷಗಳ ತಿದ್ದುಪಡಿ ಅಂದರೆ ಅಷ್ಟೇ. ಅದರಲ್ಲೂ ಕೆಲವು ಈಗ ಅಸ್ತಿತ್ವದಲ್ಲೇ ಇಲ್ಲದ ಬಟನ್ ಚಿತ್ರಗಳಿಗೆ ಸೇರಿದ್ದವು, ಅವನ್ನು ಹೊಡೆದುಹಾಕಿದೆ.

ಮಗು ಸ್ಟೈಲ್ ಕಟ್ಟಿದ್ದು

ಉಳಿದ ಸಾಲುಗಳಿಗೆ ಅಪ್‌ಗ್ರೇಡ್ ಮುಟ್ಟದ ಜಾಗ ಬೇಕು. ಪಿಎಚ್‌ಪಿಬಿಬಿಯಲ್ಲಿ ಅದಕ್ಕೆ ಸರಿಯಾದ ದಾರಿ ಚೈಲ್ಡ್ ಸ್ಟೈಲ್. ಸ್ಟೈಲ್ಸ್ ಫೋಲ್ಡರಿನಲ್ಲಿ ಪ್ರೊಸಿಲ್ವರ್ ಪಕ್ಕ ಹೊಸ ಫೋಲ್ಡರ್ ಮಾಡಿದೆ. ಪ್ರೊಸಿಲ್ವರ್‌ನ ಸ್ಟೈಲ್.ಸಿಎಫ್‌ಜಿ ಫೈಲ್ ನಕಲು ಮಾಡಿ ಹೆಸರು ಬದಲಿಸಿ, ಪೇರೆಂಟ್ ಅನ್ನುವ ಸಾಲಿನಲ್ಲಿ ಪ್ರೊಸಿಲ್ವರ್ ಎಂದು ಬರೆದೆ. ಆ ಒಂದು ಸಾಲಿದ್ದರೆ ಪುಟದ ಎಚ್‌ಟಿಎಂಎಲ್ ಕಟ್ಟುವ ಟೆಂಪ್ಲೇಟ್ ಫೈಲ್‌ಗಳು ಯಾವುವೂ ಬೇಡ, ನಮ್ಮಲ್ಲಿ ಇಲ್ಲದ್ದನ್ನು ಅದು ತಾಯಿ ಸ್ಟೈಲ್‌ನಿಂದ ತೆಗೆದುಕೊಳ್ಳುತ್ತದೆ.

ಸಿಎಸ್‌ಎಸ್‌ಗೆ ಈ ಸೌಲಭ್ಯ ತಾನಾಗಿ ಬರುವುದಿಲ್ಲ. ಪುಟ ನಮ್ಮ ಥೀಮ್ ಫೋಲ್ಡರಿನ ಸ್ಟೈಲ್‌ಶೀಟ್.ಸಿಎಸ್‌ಎಸ್ ಫೈಲನ್ನೇ ಕೇಳುತ್ತದೆ. ಆದ್ದರಿಂದ ಆ ಫೈಲ್ ಮಾಡಿ, ಮೊದಲ ಸಾಲಿನಲ್ಲಿ ಪ್ರೊಸಿಲ್ವರ್‌ನ ಸ್ಟೈಲ್‌ಶೀಟನ್ನು ಇಂಪೋರ್ಟ್ ಮಾಡಿದೆ, ಅದರ ಕೆಳಗೆ ನಮ್ಮ ನಿಯಮಗಳು. ಇಂಪೋರ್ಟ್ ಸಾಲು ಎಲ್ಲ ನಿಯಮಗಳಿಗಿಂತ ಮೊದಲೇ ಇರಬೇಕು. ನಡುವೆ ಎಲ್ಲೋ ಬರೆದರೆ ಬ್ರೌಸರ್ ಅದನ್ನು ತೆಪ್ಪಗೆ ಬಿಟ್ಟುಬಿಡುತ್ತದೆ, ದೂರು ಹೇಳುವುದಿಲ್ಲ. ಚಿತ್ರಗಳ ಬಗ್ಗೆ ಚಿಂತೆ ಬೇಡ. ಸಿಎಸ್‌ಎಸ್ ಒಳಗಿನ ವಿಳಾಸವನ್ನು ಬ್ರೌಸರ್ ಆ ಸಿಎಸ್‌ಎಸ್ ಫೈಲ್ ಇರುವ ಜಾಗದಿಂದ ಲೆಕ್ಕ ಹಾಕುತ್ತದೆ, ಪುಟದಿಂದ ಅಲ್ಲ. ಹಾಗಾಗಿ ಪ್ರೊಸಿಲ್ವರ್‌ನ ಚಿತ್ರಗಳು ಪ್ರೊಸಿಲ್ವರ್ ಫೋಲ್ಡರಿನಿಂದಲೇ ಬರುತ್ತವೆ.

ಅಡ್ಮಿನ್ ಪ್ಯಾನಲ್‌ನ ಕಸ್ಟಮೈಸ್ ವಿಭಾಗದಲ್ಲಿ ಹೊಸ ಸ್ಟೈಲ್ ಇನ್‌ಸ್ಟಾಲ್ ಮಾಡಿದೆ. ಪುಟ ಬಂತು. ಆದರೆ ಬ್ರೌಸರ್‌ನ ನೆಟ್‌ವರ್ಕ್ ಟ್ಯಾಬ್ ತೆರೆದು ನೋಡಿದರೆ ಒಂದು ಸಾಲು ಕೆಂಪಗೆ, 404, ಅಂದರೆ ಫೈಲ್ ಸಿಕ್ಕಿಲ್ಲ. ನಮ್ಮ ಥೀಮ್ ಒಳಗೆ ಇಎನ್ ಎಂಬ ಭಾಷೆಯ ಫೋಲ್ಡರ್ ಹುಡುಕುತ್ತಿತ್ತು, ಅದು ಇರಲಿಲ್ಲ. ಸದಸ್ಯರು ಆನ್‌ಲೈನ್ ಇದ್ದಾರೆ ಎಂದು ತೋರಿಸುವ ಪುಟ್ಟ ಪಟ್ಟಿಯ ಚಿತ್ರ ಆ ಫೋಲ್ಡರಿನಿಂದ ಬರುತ್ತದೆ. ಪ್ರೊಸಿಲ್ವರ್‌ನಿಂದ ಆ ಫೋಲ್ಡರ್ ನಕಲು ಮಾಡಿದ ಮೇಲೆ ಸರಿಯಾಯಿತು. ಪುಟ ನೋಡಿ ಎಲ್ಲ ಚೆನ್ನಾಗಿದೆ ಅಂದುಕೊಂಡು ಬಿಟ್ಟಿದ್ದರೆ ಇದು ಕಣ್ಣಿಗೇ ಬೀಳುತ್ತಿರಲಿಲ್ಲ.

ನಿಯಮಗಳು ಒಂದೊಂದಾಗಿ

ಬಣ್ಣದಿಂದ ಶುರು ಮಾಡಿದೆ. ತಲೆಪಟ್ಟಿಯ ಹಿನ್ನೆಲೆ ಬಣ್ಣ ಬದಲಿಸಿದರೆ ಏನೂ ಆಗಲಿಲ್ಲ, ನೀಲಿ ನೀಲಿಯಾಗೇ ಇತ್ತು. ಇಂಥ ಹೊತ್ತಲ್ಲಿ, ಉಳಿದ ನಿಯಮಗಳನ್ನು ಮೀರಿಸುವ ಇಂಪಾರ್ಟೆಂಟ್ ಅನ್ನುವ ಪದ ಸೇರಿಸುವ ಆಸೆ ಎಲ್ಲರಿಗೂ ಬರುತ್ತದೆ. ಸೇರಿಸಿದರೂ ನೀಲಿಯೇ ಇರುತ್ತಿತ್ತು. ಪ್ರೊಸಿಲ್ವರ್ ಅಲ್ಲಿ ಬರೀ ಬಣ್ಣ ಕೊಟ್ಟಿಲ್ಲ, ಅದರ ಮೇಲೆ ಗ್ರೇಡಿಯಂಟ್ (ಬಣ್ಣದಿಂದ ಬಣ್ಣಕ್ಕೆ ಜಾರುವ ಛಾಯೆ) ಅನ್ನು ಹಿನ್ನೆಲೆ ಚಿತ್ರವಾಗಿ ಹೊದಿಸಿದೆ. ನಮ್ಮ ಬಣ್ಣ ಬಂದು ಅದರ ಅಡಿಯಲ್ಲಿ ಕೂತಿತ್ತು. ಹಿನ್ನೆಲೆ ಚಿತ್ರ ಬೇಡ ಅಂತ ಒಂದು ಸಾಲು ಬರೆದ ಮೇಲೆ ಬಣ್ಣ ಹೊರಗೆ ಬಂತು. ವಿಭಾಗಗಳ ಪಟ್ಟಿಯ ಹಿನ್ನೆಲೆಗೂ ಇದೇ ಮದ್ದು. ಇಡೀ ಕೆಲಸದಲ್ಲಿ ಇಂಪಾರ್ಟೆಂಟ್ ಎಲ್ಲೂ ಬೇಕಾಗಲಿಲ್ಲ. ಪ್ರೊಸಿಲ್ವರ್ ಬಳಸಿದ ಸೆಲೆಕ್ಟರನ್ನೇ (ನಿಯಮ ಯಾವ ಅಂಶಕ್ಕೆ ಎಂದು ಹೇಳುವ ಭಾಗ) ನಾವೂ ಬರೆದರೆ ಎರಡರ ತೂಕ ಒಂದೇ, ಕೊನೆಯಲ್ಲಿ ಬಂದದ್ದು ಗೆಲ್ಲುತ್ತದೆ.

ಆಮೇಲೆ ಅಕ್ಷರ. ಪ್ರೊಸಿಲ್ವರ್‌ನಲ್ಲಿ ಬಾಡಿಯ, ಅಂದರೆ ಇಡೀ ಪುಟದ, ಅಕ್ಷರ ಗಾತ್ರ 10 ಪಿಕ್ಸೆಲ್, ಪೋಸ್ಟ್‌ನ ಒಳಗೆ 1.3 ಇಎಂ (ಹೊರಗಿನ ಗಾತ್ರದ 1.3 ಪಟ್ಟು). ಅಂದರೆ 13 ಪಿಕ್ಸೆಲ್. ಸಾಲಿನ ಎತ್ತರ 1.4 ಇಎಂ, ಸುಮಾರು 18 ಪಿಕ್ಸೆಲ್. ಇಂಗ್ಲಿಷಿಗೆ ಹೇಗೋ ನಡೆಯುತ್ತದೆ. ಕನ್ನಡದಲ್ಲಿ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗಿಕೊಂಡು ಓದುವುದೇ ಕಷ್ಟ. ಹಳೆಯ ತಿದ್ದುಪಡಿಯಲ್ಲಿ ಇದನ್ನು ದೊಡ್ಡದು ಮಾಡಿದ್ದರು. ನಾನು ಗಾತ್ರ 1.6 ಇಎಂ ಮಾಡಿ, ಸಾಲಿನ ಎತ್ತರವನ್ನು ಬರೀ 1.7 ಎಂದು, ಮಾನ ಇಲ್ಲದ ಅಂಕಿಯಾಗಿ ಬರೆದೆ. ಇಎಂ ಹಾಕಿದರೆ ಒಮ್ಮೆ ಲೆಕ್ಕವಾದ ಪಿಕ್ಸೆಲ್ ಬೆಲೆ ಒಳಗಿನ ಅಂಶಗಳಿಗೆ ಹಾಗೇ ಇಳಿಯುತ್ತದೆ. ಬರೀ ಅಂಕಿ ಇದ್ದರೆ ಪ್ರತಿ ಅಂಶವೂ ತನ್ನ ಅಕ್ಷರ ಗಾತ್ರಕ್ಕೆ ತಕ್ಕಂತೆ ಲೆಕ್ಕ ಹಾಕಿಕೊಳ್ಳುತ್ತದೆ.

ಫಾಂಟಿನ ವಿಷಯದಲ್ಲಿ ಸ್ವಲ್ಪ ಯೋಚಿಸಬೇಕಾಯಿತು. ಹಿಂದಿನವರು ಪುಟದ ತಲೆಯ ಟೆಂಪ್ಲೇಟ್ ಫೈಲ್‌ನಲ್ಲಿ ಒಂದು ಲಿಂಕ್ ಸೇರಿಸಿ ಫಾಂಟ್ ತರಿಸುತ್ತಿದ್ದರು. ಆ ಟೆಂಪ್ಲೇಟನ್ನು ನಮ್ಮ ಫೋಲ್ಡರಿಗೆ ನಕಲು ಮಾಡಿ ಲಿಂಕ್ ಹಾಕಬಹುದಿತ್ತು. ಆದರೆ ನಕಲು ಮಾಡಿದ ಟೆಂಪ್ಲೇಟ್ ಆ ದಿನಕ್ಕೇ ಹೆಪ್ಪುಗಟ್ಟಿತು ಅಂತ ಲೆಕ್ಕ. ಪ್ರೊಸಿಲ್ವರ್‌ನಲ್ಲಿ ಮುಂದೆ ಏನೇ ಬದಲಾದರೂ ನಮ್ಮ ನಕಲಿಗೆ ಬರುವುದಿಲ್ಲ. ಅದೇ ರೋಗ, ಈ ಸಲ ತಿರುಗುಮುರುಗು. ಹಾಗಾಗಿ ನೋಟೋ ಸಾನ್ಸ್ ಕನ್ನಡದ ಫಾಂಟ್ ಫೈಲನ್ನು ನಮ್ಮ ಥೀಮ್ ಒಳಗೇ ಇಟ್ಟು, ಸಿಎಸ್‌ಎಸ್‌ನಿಂದಲೇ ಫಾಂಟ್‌ಫೇಸ್ ನಿಯಮದಲ್ಲಿ ಕರೆದೆ. ಟೆಂಪ್ಲೇಟ್ ಮುಟ್ಟಲೇ ಇಲ್ಲ. ಯುನಿಕೋಡ್ ರೇಂಜ್ (ಆ ಫಾಂಟ್ ಯಾವ ಅಕ್ಷರಗಳಿಗೆ ಎನ್ನುವುದು) ಕೊಡುವಾಗ ಕನ್ನಡದ ಬ್ಲಾಕ್ ಜೊತೆ ಝಡ್‌ಡಬ್ಲ್ಯುಜೆ, ಝಡ್‌ಡಬ್ಲ್ಯುಎನ್‌ಜೆ ಎರಡನ್ನೂ ಸೇರಿಸಿಕೊಳ್ಳುವುದು ಒಳ್ಳೆಯದು. ಕಣ್ಣಿಗೆ ಕಾಣದ ಅಕ್ಷರಗಳಾದರೂ ಒತ್ತು ಕೂಡುವುದು, ಬಿಡುವುದು ಅವುಗಳ ಕೈಯಲ್ಲೇ ಇದೆ.

ಮೊಬೈಲ್‌ನಲ್ಲಿ ಮಾತ್ರ ಒಂದು ತಕರಾರು ಎದ್ದಿತು. ಪೋಸ್ಟ್ ಪಕ್ಕದ ಸದಸ್ಯರ ವಿವರದ ಅಗಲ ಬದಲಿಸಿದ್ದ ಹಳೆಯ ನಿಯಮ ಚಿಕ್ಕ ಪರದೆಯಲ್ಲೂ ಜಾರಿಯಾಗಿ, ಪೋಸ್ಟ್ ಒಂದು ಓಣಿಯಾಯಿತು. ಪ್ರೊಸಿಲ್ವರ್‌ನ ಮೊಬೈಲ್ ನಿಯಮಗಳು 700 ಪಿಕ್ಸೆಲ್ ಮತ್ತು ಅದಕ್ಕಿಂತ ಕಡಿಮೆ ಅಗಲದಲ್ಲಿ ಜಾರಿಯಾಗುತ್ತವೆ. ಆದರೆ ನಮ್ಮದು ಅವಕ್ಕಿಂತ ಕೊನೆಯಲ್ಲಿ ಬರುವುದರಿಂದ ಅಲ್ಲೂ ನಮ್ಮದೇ ಗೆಲ್ಲುತ್ತಿತ್ತು. ಅಗಲಕ್ಕೆ ಸೇರಿದ ನಿಯಮಗಳನ್ನೆಲ್ಲ 701 ಪಿಕ್ಸೆಲ್‌ನಿಂದ ಮೇಲೆ ಮಾತ್ರ ಎನ್ನುವ ಮೀಡಿಯಾ ಕ್ವೆರಿ ಒಳಗೆ ತಳ್ಳಿದೆ.

ಲೋಗೋ ಬಗ್ಗೆ ಜಾಸ್ತಿ ಹೇಳುವುದಿಲ್ಲ. 3.3ರಲ್ಲಿ ಅದು ಎಸ್‌ವಿಜಿ, ನಮ್ಮದನ್ನು ನಮ್ಮ ಥೀಮ್‌ನ ಇಮೇಜಸ್ ಫೋಲ್ಡರಿನಲ್ಲಿಟ್ಟು ವಿಳಾಸ, ಅಗಲ, ಎತ್ತರ ಬರೆದರೆ ಮುಗಿಯಿತು.

ಕ್ಯಾಷ್ ಆಟ

ಎಲ್ಲ ಸರಿಯಾದ ಮೇಲೂ ಕೆಲವು ಸದಸ್ಯರಿಗೆ ಬರೀ ಪ್ರೊಸಿಲ್ವರ್ ರೂಪವೇ ಕಾಣುತ್ತಿತ್ತು. ಇದಕ್ಕೆ ಎರಡು ಬೇರೆ ಬೇರೆ ಕಾರಣ. ಒಂದು, ಸ್ಟೈಲ್ ಆಯ್ಕೆ ಪ್ರತಿ ಸದಸ್ಯರ ಖಾತೆಯಲ್ಲಿ ಉಳಿದಿರುತ್ತದೆ. ಡೀಫಾಲ್ಟ್ ಬದಲಿಸಿದರೂ ಹಳಬರು ಪ್ರೊಸಿಲ್ವರ್‌ನಲ್ಲೇ ಇರುತ್ತಾರೆ. ಬೋರ್ಡ್ ಸೆಟ್ಟಿಂಗ್ಸ್‌ನಲ್ಲಿ ಸದಸ್ಯರ ಸ್ಟೈಲ್ ಬದಿಗಿಟ್ಟು ಡೀಫಾಲ್ಟ್ ತೋರಿಸುವ ಆಯ್ಕೆ ಆನ್ ಮಾಡಿದೆ.

ಇನ್ನೊಂದು ಬ್ರೌಸರ್ ಕ್ಯಾಷ್. ಪಿಎಚ್‌ಪಿಬಿಬಿ ಸ್ಟೈಲ್‌ಶೀಟ್ ವಿಳಾಸದ ಕೊನೆಗೆ ಅಸೆಟ್ಸ್ ವರ್ಷನ್ ಅಂತ ಒಂದು ಅಂಕಿ ಅಂಟಿಸುತ್ತದೆ. ಅಡ್ಮಿನ್ ಪ್ಯಾನಲ್‌ನಲ್ಲಿ ಕ್ಯಾಷ್ ಖಾಲಿ ಮಾಡಿದಾಗಲೆಲ್ಲ ಆ ಅಂಕಿ ಏರುತ್ತದೆ, ಬ್ರೌಸರ್ ಹೊಸದೆಂದು ತಿಳಿದು ಮತ್ತೆ ತರಿಸುತ್ತದೆ. ಚೆನ್ನಾಗಿದೆ. ಆದರೆ ಆ ಅಂಕಿ ಹತ್ತುವುದು ಹೊರಗಿನ ಫೈಲ್‌ಗೆ ಮಾತ್ರ. ಅದರೊಳಗೆ ನಾವು ಇಂಪೋರ್ಟ್ ಮಾಡಿದ ಪ್ರೊಸಿಲ್ವರ್ ಸ್ಟೈಲ್‌ಶೀಟ್‌ಗೆ ಬಾಲವೇ ಇಲ್ಲ. ಮುಂದಿನ ಅಪ್‌ಡೇಟ್ ನಂತರವೂ ಬ್ರೌಸರ್ ಹಳೆಯದನ್ನೇ ಹಿಡಿದುಕೊಂಡು ಕೂರಬಹುದು. ಅದಕ್ಕೆ ಇಂಪೋರ್ಟ್ ಸಾಲಿನ ವಿಳಾಸಕ್ಕೆ ನಾನೇ ಪ್ರಶ್ನೆ ಚಿಹ್ನೆ ಹಾಕಿ ಪಿಎಚ್‌ಪಿಬಿಬಿ ಆವೃತ್ತಿ ಸಂಖ್ಯೆ ಅಂಟಿಸಿದೆ. ನಮ್ಮ ನಿಯಮಗಳನ್ನು ಇನ್ನೊಂದು ಫೈಲ್‌ಗೆ ಹಾಕಿ ಇಂಪೋರ್ಟ್ ಮಾಡದೆ, ಅದೇ ಹೊರಗಿನ ಫೈಲ್‌ನಲ್ಲಿ ಬರೆದದ್ದೂ ಇದೇ ಕಾರಣಕ್ಕೆ.

ಬೇರೆ ಸಾಫ್ಟ್‌ವೇರ್ ಬಳಸುವವರಿಗೆ ಜಾಗ ಬೇರೆ, ತತ್ವ ಅದೇ. ಮೈಬಿಬಿಯಲ್ಲಿ ಸ್ಟೈಲ್‌ಶೀಟ್ ಇರುವುದು ಡೇಟಾಬೇಸ್‌ನಲ್ಲಿ. ಕ್ಯಾಷ್ ಫೋಲ್ಡರಿನಲ್ಲಿ ಕಾಣುವ ಫೈಲ್ ಅದರ ಪ್ರತಿ ಅಷ್ಟೇ, ಅದನ್ನು ತಿದ್ದಿದರೆ ಅಡ್ಮಿನ್ ಪ್ಯಾನಲ್‌ನಲ್ಲಿ ಆ ಸ್ಟೈಲ್‌ಶೀಟ್ ಮುಂದೆ ಸೇವ್ ಆದಾಗ ಹೋಯಿತು. ಝೆನ್‌ಫೋರೋದಲ್ಲಿ ಎಕ್ಸ್‌ಟ್ರಾ.ಲೆಸ್ ಎಂಬ ಟೆಂಪ್ಲೇಟ್ ಇದಕ್ಕೆಂದೇ ಇದೆ. ವರ್ಡ್‌ಪ್ರೆಸ್ ಬಲ್ಲವರಿಗೆ ಚೈಲ್ಡ್ ಥೀಮ್ ಹೊಸತಲ್ಲ.

ಮತ್ತೆ ಅಪ್‌ಡೇಟ್ ಹಾಕಿ ನೋಡಿದ್ದು

ಉಳಿಯುತ್ತದೆ ಅಂತ ಬಾಯಲ್ಲಿ ಹೇಳಿದರೆ ಗೆಳೆಯರು ನಂಬುವ ಸ್ಥಿತಿಯಲ್ಲಿ ಇರಲಿಲ್ಲ. ಟೆಸ್ಟ್ ಪ್ರತಿಯಲ್ಲಿ ನಮ್ಮ ಫೋಲ್ಡರಿನ ಪ್ರತಿ ಫೈಲ್‌ನ ಚೆಕ್‌ಸಮ್ (ಒಂದಕ್ಷರ ಬದಲಾದರೂ ಬದಲಾಗುವ ಗುರುತು) ತೆಗೆದಿಟ್ಟು, 3.3ರ ಪೂರ್ತಿ ಪ್ಯಾಕೇಜನ್ನು ಅದರ ಮೇಲೆ ಮತ್ತೆ ಸುರಿದೆ. ಚೆಕ್‌ಸಮ್ ಒಂದೂ ಬದಲಾಗಲಿಲ್ಲ. ಫೋಲ್ಡರನ್ನು ಗಿಟ್‌ಗೆ (ಬದಲಾವಣೆಗಳ ದಾಖಲೆ ಇಡುವ ಸಾಧನ) ಹಾಕಿ ಅವರ ಕೈಗೆ ಕೊಟ್ಟೆ. ಅಪ್‌ಗ್ರೇಡ್‌ಗೆ ಮುಂಚೆ ಹಳೆಯ ಫೋಲ್ಡರ್ ಅಳಿಸುವವರು ಇದನ್ನೂ ಸೇರಿಸಿ ಅಳಿಸಿದರೆ ಚೈಲ್ಡ್ ಸ್ಟೈಲ್ ಇದ್ದೂ ಉಪಯೋಗ ಇಲ್ಲ. ಅದಕ್ಕಾಗಿ ಅವರ ಅಪ್‌ಗ್ರೇಡ್ ಟಿಪ್ಪಣಿಯಲ್ಲಿ ಉಳಿಸಬೇಕಾದ ಪಟ್ಟಿಗೆ ಈ ಫೋಲ್ಡರಿನ ಹೆಸರೂ ಸೇರಿತು.

ಈಗ 3.3ರ ಹೊಸ ಬಿಡುಗಡೆ ಬಂದಾಗ ಮಾಡುವುದು ಇಷ್ಟು. ಹಳೆಯ ಮತ್ತು ಹೊಸ ಪ್ರೊಸಿಲ್ವರ್ ಥೀಮ್ ಫೋಲ್ಡರ್‌ಗಳ ನಡುವೆ ಡಿಫ್ ಹಾಕಿ, ನಾವು ಮುಟ್ಟಿರುವ ಸೆಲೆಕ್ಟರ್ ಯಾವುದಾದರೂ ಅದರಲ್ಲಿ ಬಂದಿದೆಯಾ ನೋಡುತ್ತೇವೆ. ಕಳೆದ ಸಲ ಒಂದೂ ಬಂದಿರಲಿಲ್ಲ. ಇಂಪೋರ್ಟ್ ಸಾಲಿನ ಅಂಕಿ ಬದಲಿಸಿ, ಕ್ಯಾಷ್ ಖಾಲಿ ಮಾಡಿ, ನೆಟ್‌ವರ್ಕ್ ಟ್ಯಾಬ್‌ನಲ್ಲಿ 404 ಇಲ್ಲ ಅಂತ ನೋಡಿಕೊಂಡು ಮುಚ್ಚಿದೆವು.